ಎರಡನೆಯ ಅಕ್ಷರ: ಗಣಕಭಾಷೆಗಳ ಅಕ್ಷರಗಣನೆಯ ವಿಮರ್ಶೆ

೧

ಪದವೊಂದರಲ್ಲಿ ಅಕ್ಷರಗಳೆಷ್ಟು ಎಂಬ ಪ್ರಶ್ನೆಯು ಓದುಬರಹವನ್ನು ಕಲಿಯಲಾರಂಭಿಸಿದ ಬಾಲಕರಿಗೂ ಸುಲಭವಾದುದೆಂದು ತೋರುವುದು. ‘ಶಾಸ್ತ್ರ’ ಎಂಬ ಪದವನ್ನು ಮುಂದಿಟ್ಟು ಕೇಳಿದರೆ ಕನ್ನಡ ಬಲ್ಲವರು ‘ಎರಡು’ ಎಂದು ಕೂಡಲೆ ಉತ್ತರ ಕೊಡುವರು. ಛಂದಸ್ಸನ್ನು ಬಲ್ಲವರು ‘ಅಕ್ಷರ ಎರಡು, ಮಾತ್ರೆ ಮೂರು’ ಎಂದು ಅದಕ್ಕೆ ಸೇರಿಸುವರು. ಇದೇ ಪ್ರಶ್ನೆಯನ್ನು ಗಣಕಯಂತ್ರಕ್ಕೆ ಹಾಕಿದರೆ, ಬರುವ ಉತ್ತರವು ಅದನ್ನು ಯಾವ ಭಾಷೆಯಲ್ಲಿ ಕೇಳಿದುದೆಂಬುದನ್ನು ಅವಲಂಬಿಸಿರುತ್ತದೆ. ಯಂತ್ರಕ್ಕೆ ವಿಧಿಗಳನ್ನು ಬರೆದುಕೊಡುವುದಕ್ಕಾಗಿ ನಿರ್ಮಿತವಾದ ಕೃತಕಭಾಷೆಗಳಲ್ಲಿ, ಎಂದರೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ, ಗೋ ಮತ್ತು ರಸ್ಟ್ ಎಂಬುವು ಆ ಪದದ ಉದ್ದವನ್ನು ೨೧ ಎಂದು ಹೇಳುತ್ತವೆ. ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್ ಎಂಬುವು ೭ ಎನ್ನುತ್ತವೆ. ಸ್ವಿಫ್ಟ್ ಎಂಬುದು ೪ ಎನ್ನುತ್ತದೆ. ಎರಡು ಎಂಬ ಉತ್ತರವನ್ನು ಇವುಗಳಲ್ಲಿ ಒಂದೂ ಕೊಡುವುದಿಲ್ಲ.

ಇದನ್ನು ಯಂತ್ರದ ಅಜ್ಞಾನವೆಂದು ನಕ್ಕುಬಿಡುವುದು ವಿಚಾರಪರರಿಗೆ ಒಪ್ಪುವ ಮಾತಲ್ಲ. ಆ ಮೂರು ಸಂಖ್ಯೆಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಭಾಷೆಯೂ ತಾನು ಎಣಿಸಿದ ವಸ್ತುವನ್ನು ಸರಿಯಾಗಿಯೇ ಎಣಿಸಿದೆ. ಎಣಿಸಿದ ವಸ್ತುಗಳು ಮಾತ್ರ ಬೇರೆ ಬೇರೆ. ಹಳಗನ್ನಡ ಕಾವ್ಯಗಳ ಪಾಠವನ್ನು ಗಣಕಕ್ಕೆ ಇಳಿಸಿ, ಅದರಿಂದ ಪದಪ್ರಯೋಗಕೋಶಗಳನ್ನು ಸಿದ್ಧಪಡಿಸುವ, ಪಾಠಾಂತರಗಳನ್ನು ಹೋಲಿಸುವ, ಛಂದೋಬಂಧವನ್ನು ಪರೀಕ್ಷಿಸುವ ಕೆಲಸಕ್ಕೆ ಕೈಹಾಕಿದ ವಿದ್ವಾಂಸರಿಗೆ ಈ ಭೇದವು ಕೇವಲ ಕುತೂಹಲದ ವಿಷಯವಲ್ಲ. ಎಣಿಕೆಯ ಮಾನವನ್ನರಿಯದೆ ಸ್ವೀಕರಿಸಿದ ಸಂಖ್ಯೆಯಿಂದ ಹೊರಡುವ ಸಿದ್ಧಾಂತವು, ಅಳತೆಗೋಲಿನ ಉದ್ದವನ್ನರಿಯದೆ ಮಾಡಿದ ಭೂಮಾಪನದಂತೆ ವ್ಯರ್ಥವಾಗುವುದು. ಆದಕಾರಣ ಈ ಭಾಷೆಗಳು ಏನನ್ನು ಎಣಿಸುತ್ತವೆ, ಏಕೆ ಹಾಗೆ ಎಣಿಸುತ್ತವೆ, ಏನನ್ನು ತೆತ್ತು ಏನನ್ನು ಪಡೆದಿವೆ ಎಂಬುದನ್ನು ಪರಿಶೀಲಿಸುವುದು ಅವಶ್ಯಕ. ಈ ಪರಿಶೀಲನೆಗೆ ಒರೆಗಲ್ಲು ಕನ್ನಡ ಕಾವ್ಯದಲ್ಲಿಯೇ ದೊರೆಯುತ್ತದೆ; ಪದ್ಯದ ಪ್ರತಿಯೊಂದು ಪಾದದ ಎರಡನೆಯ ಅಕ್ಷರವನ್ನು ಹುಡುಕಿ ನೋಡಬೇಕೆಂದು ವಿಧಿಸುವ ದ್ವಿತೀಯಾಕ್ಷರಪ್ರಾಸವೇ ಅದು.

೨

ಮೊದಲು ಬರಹವು ಯಂತ್ರದಲ್ಲಿ ಯಾವ ರೂಪದಲ್ಲಿರುವುದೆಂಬುದನ್ನು ತಿಳಿಯಬೇಕು. ಗಣಕಯಂತ್ರಕ್ಕೆ ಸಂಖ್ಯೆಗಳಲ್ಲದೆ ಬೇರೇನೂ ತಿಳಿಯದು. ಆದುದರಿಂದ ಲಿಪಿಯ ಒಂದೊಂದು ಅಂಶಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಬೇಕಾಯಿತು. ಭಾರತೀಯ ಲಿಪಿಗಳಿಗೆ ‘ಇಸ್ಕಿ’ ಎಂಬ ಹೆಸರಿನಿಂದ ಇಂತಹ ಸಂಕೇತವ್ಯವಸ್ಥೆಯೊಂದು ೧೯೮೮ರಲ್ಲಿ ರೂಪುಗೊಂಡು, ೧೯೯೧ರಲ್ಲಿ ರಾಷ್ಟ್ರೀಯ ಪ್ರಮಾಣವಾಗಿ ಅಂಗೀಕೃತವಾಯಿತು. ಲೋಕದ ಲಿಪಿಗಳೆಲ್ಲವನ್ನೂ ಒಂದೇ ಕೋಷ್ಟಕದಲ್ಲಿ ಅಳವಡಿಸುವ ಯೂನಿಕೋಡ್ ಎಂಬ ವ್ಯವಸ್ಥೆಯ ಮೊದಲನೆಯ ಆವೃತ್ತಿಯೂ ೧೯೯೧ರಲ್ಲಿಯೇ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ ದೊರೆತ ವಿಭಾಗವು ೧೯೮೮ರ ಇಸ್ಕಿಯ ಕ್ರಮವನ್ನೇ ಅನುಸರಿಸಿದೆ.

ಈ ಕ್ರಮದಲ್ಲಿ ಸಂಖ್ಯೆಯನ್ನು ಪಡೆದುದು ಕಾಗುಣಿತದ ಪೂರ್ಣಾಕ್ಷರವಲ್ಲ, ಅದರ ಅವಯವ. ಸ್ವರ, ಅಕಾರಸಹಿತವಾದ ವ್ಯಂಜನ, ಸ್ವರಚಿಹ್ನೆ, ಅಕಾರವನ್ನು ಕಳೆಯುವ ಹಲಂತಚಿಹ್ನೆ, ಅನುಸ್ವಾರ, ವಿಸರ್ಗ ಇವು ಒಂದೊಂದಕ್ಕೂ ಪ್ರತ್ಯೇಕವಾದ ಸಂಖ್ಯೆಯುಂಟು. ಈ ಲೇಖನದಲ್ಲಿ ಇಂತಹ ಒಂದೊಂದನ್ನು ‘ಸಂಕೇತ’ವೆಂದು ಕರೆದಿದೆ. ‘ಶಾಸ್ತ್ರ’ವು ಶ, ಆಕಾರದ ಚಿಹ್ನೆ, ಸ, ಹಲಂತಚಿಹ್ನೆ, ತ, ಹಲಂತಚಿಹ್ನೆ, ರ ಎಂಬ ೭ ಸಂಕೇತಗಳ ಸರಣಿ. ಇವುಗಳ ಕ್ರಮವು ಉಚ್ಚಾರಣೆಯ ಕ್ರಮವೇ ಹೊರತು ಕಣ್ಣಿಗೆ ಕಾಣುವ ಕ್ರಮವಲ್ಲ. ‘ಧರ್ಮ’ ಎಂಬಲ್ಲಿ ಅರ್ಕಾವೊತ್ತು ಕಾಗದದ ಮೇಲೆ ಮಕಾರದ ಬಲಗಡೆಗೆ ಬಂದರೂ, ಯಂತ್ರದ ಸರಣಿಯಲ್ಲಿ ರೇಫವು ಮಕಾರಕ್ಕಿಂತ ಮೊದಲೇ ಇರುವುದು. ವರ್ಣಗಳನ್ನು ಬಿಡಿಸಿ ಹೇಳುವ ವೈಯಾಕರಣರ ಪದ್ಧತಿಗೆ ಇದು ಬಹುಮಟ್ಟಿಗೆ ಸಮೀಪವಾದುದೆಂಬುದನ್ನು ಒಪ್ಪಬೇಕು.

ಸಂಕೇತಗಳನ್ನು ಯಂತ್ರದ ನೆನಪಿನಲ್ಲಿ ಇಡುವಾಗ ಅವು ಬೈಟುಗಳಾಗಿ ಒಡೆಯುತ್ತವೆ. ಬೈಟೆಂದರೆ ೨೫೬ ಬೆಲೆಗಳಲ್ಲಿ ಒಂದನ್ನು ಹಿಡಿಯಬಲ್ಲ ಗೂಡು. ಸಂಕೇತಗಳ ಸಂಖ್ಯೆ ೨೫೬ನ್ನು ಎಷ್ಟೋ ಮಡಿ ಮೀರಿರುವುದರಿಂದ ಒಂದು ಸಂಕೇತಕ್ಕೆ ಒಂದು ಗೂಡು ಸಾಲದು. ಇದಕ್ಕೆ ಮೂರು ಉಪಾಯಗಳು ಬಳಕೆಗೆ ಬಂದಿವೆ. ಪ್ರತಿ ಸಂಕೇತಕ್ಕೂ ೪ ಬೈಟುಗಳನ್ನು ಕೊಡುವುದು ಒಂದು. ಇದಕ್ಕೆ ಯುಟಿಎಫ್-೩೨ ಎಂದು ಹೆಸರು. ಸಾಮಾನ್ಯವಾದ ಸಂಕೇತಗಳಿಗೆ ೨ ಬೈಟುಗಳನ್ನೂ ಉಳಿದವುಗಳಿಗೆ ಎರಡೆರಡರ ಜೋಡಿಯನ್ನೂ ಕೊಡುವುದು ಇನ್ನೊಂದು, ಇದು ಯುಟಿಎಫ್-೧೬. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬಿಬ್ಬರು ೧೯೯೨ರಲ್ಲಿ ರಚಿಸಿದ ಯುಟಿಎಫ್-೮ ಮೂರನೆಯದು. ಇದರಲ್ಲಿ ಒಂದು ಸಂಕೇತಕ್ಕೆ ೧ರಿಂದ ೪ರ ವರೆಗೆ ಬೈಟುಗಳು ಬೇಕಾಗುವುವು. ಇಂಗ್ಲಿಷಿನ ಅಕ್ಷರಕ್ಕೆ ೧ ಬೈಟು ಸಾಕು; ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೇಕು. ‘ಶಾಸ್ತ್ರ’ದ ಉದ್ದವು ೨೧ ಆದುದು ಹೀಗೆ. ತೆರಪುಗಳನ್ನೂ ವಿರಾಮಚಿಹ್ನೆಗಳನ್ನೂ ಬಿಟ್ಟು ಒಂದು ಲಕ್ಷ ಕನ್ನಡ ಸಂಕೇತಗಳಿರುವ ಗ್ರಂಥವು ಇಸ್ಕಿಯಲ್ಲಿ ಒಂದು ಲಕ್ಷ ಬೈಟುಗಳನ್ನೂ, ಯುಟಿಎಫ್-೧೬ರಲ್ಲಿ ಎರಡು ಲಕ್ಷವನ್ನೂ, ಯುಟಿಎಫ್-೮ರಲ್ಲಿ ಮೂರು ಲಕ್ಷವನ್ನೂ, ಯುಟಿಎಫ್-೩೨ರಲ್ಲಿ ನಾಲ್ಕು ಲಕ್ಷವನ್ನೂ ಆಕ್ರಮಿಸುವುದು.

ಇಲ್ಲಿಯೇ ಮುಖ್ಯವಾದ ತೊಡಕು ಹುಟ್ಟುವುದು. ಎಲ್ಲ ಅಂಶಗಳೂ ಒಂದೇ ಅಗಲವಾಗಿದ್ದರೆ ಸಾವಿರದನೆಯ ಅಂಶವು ಎಲ್ಲಿದೆಯೆಂಬುದನ್ನು ಒಂದು ಗುಣಾಕಾರದಿಂದ ತಿಳಿಯಬಹುದು. ಸರಣಿಯು ಎಷ್ಟು ದೀರ್ಘವಾದರೂ ತಗಲುವ ಕಾಲ ಒಂದೇ. ಅಂಶಗಳ ಅಗಲ ಬೇರೆ ಬೇರೆಯಾದರೆ ಮೊದಲಿನಿಂದ ಒಂದೊಂದನ್ನೇ ಎಣಿಸುತ್ತ ನಡೆಯಬೇಕು. ತಾಳೆಯೋಲೆಯ ಕಟ್ಟಿನಲ್ಲಿ ಇಪ್ಪತ್ತನೆಯ ಗರಿಯನ್ನು ನೇರವಾಗಿ ತೆಗೆಯಬಹುದು. ಇಪ್ಪತ್ತನೆಯ ಪದ್ಯವನ್ನು ತೆಗೆಯಬೇಕಾದರೆ ಓದುತ್ತ ಹೋಗಬೇಕು. ಸ್ಥಳದ ಮಿತವ್ಯಯ, ಕಾಲದ ಮಿತವ್ಯಯ, ಅರ್ಥವುಳ್ಳ ಅಂಶ ಎಂಬ ಈ ಮೂರನ್ನೂ ಒಟ್ಟಿಗೆ ಪೂರ್ಣವಾಗಿ ಪಡೆಯುವುದು ಶಕ್ಯವಲ್ಲ. ಗಣಕಭಾಷೆಗಳ ಭೇದವೆಲ್ಲವೂ ಈ ಮೂರರಲ್ಲಿ ಯಾವುದನ್ನು ಬಿಟ್ಟುಕೊಟ್ಟುವು ಎಂಬುದರಲ್ಲಿದೆ.

೩

ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ೧೯೭೨ರ ಸುಮಾರಿಗೆ ನಿರ್ಮಿಸಿದ ಸಿ ಭಾಷೆಯಲ್ಲಿ ಬರಹವೆಂಬುದು ಸೊನ್ನೆಯಿಂದ ಮುಕ್ತಾಯವಾಗುವ ಬೈಟುಗಳ ಸಾಲು. ಅಕ್ಷರವೆಂಬ ಭಾವನೆಯೇ ಅಲ್ಲಿಲ್ಲ. ಒಂದು ಅಕ್ಷರಕ್ಕೆ ಒಂದು ಬೈಟು ಸಾಕಾಗಿದ್ದ ಕಾಲದಲ್ಲಿ ಇದರಿಂದ ಬಾಧಕವಿರಲಿಲ್ಲ.

೧೯೯೫ರಲ್ಲಿ ಪ್ರಕಟವಾದ ಜಾವಾ ಭಾಷೆಯ ನಿರ್ಮಾಪಕರು ಯೂನಿಕೋಡನ್ನು ಆರಂಭದಲ್ಲಿಯೇ ಸ್ವೀಕರಿಸಿದರು. ಲೋಕದ ಲಿಪಿಗಳಿಗೆಲ್ಲ ೬೫,೫೩೬ ಸಂಖ್ಯೆಗಳು ಸಾಕೆಂಬುದು ಆಗಿನ ಎಣಿಕೆಯಾಗಿತ್ತು. ಅಷ್ಟನ್ನು ೨ ಬೈಟುಗಳು ಹಿಡಿಯಬಲ್ಲುವಾದುದರಿಂದ ಪ್ರತಿ ಅಂಶಕ್ಕೂ ೨ ಬೈಟುಗಳನ್ನು ಕೊಟ್ಟರು. ಸ್ಥಾನವನ್ನು ಗುಣಾಕಾರದಿಂದ ಹುಡುಕುವುದೂ ಸಾಧ್ಯವಾಯಿತು. ಮಾರನೆಯ ವರ್ಷವೇ, ೧೯೯೬ರಲ್ಲಿ, ಯೂನಿಕೋಡಿನ ಎರಡನೆಯ ಆವೃತ್ತಿಯು ಆ ಮಿತಿಯನ್ನು ದಾಟಿ, ಹೊಸ ಸಂಕೇತಗಳಿಗೆ ಎರಡು ಅಂಶಗಳ ಜೋಡಿಯನ್ನು ವಿಧಿಸಿತು. ಜಾವಾ ಕೊಡುವ ಉದ್ದವು ಅಂದಿನಿಂದ ಅಕ್ಷರವೂ ಅಲ್ಲದ, ಸಂಕೇತವೂ ಅಲ್ಲದ ಒಂದು ಮಧ್ಯಮಾಂಶದ ಎಣಿಕೆಯಾಗಿ ನಿಂತಿದೆ. ಜಾವಾಸ್ಕ್ರಿಪ್ಟಿನ ಸ್ಥಿತಿಯೂ ಇದೇ. ಕನ್ನಡದ ಸಂಕೇತಗಳೆಲ್ಲ ಮೊದಲಿನ ಮಿತಿಯೊಳಗೇ ಇರುವುದರಿಂದ ಕನ್ನಡಿಗರಿಗೆ ಈ ದೋಷವು ಕಣ್ಣಿಗೆ ಬೀಳುವುದಿಲ್ಲ. ಆದರೆ ಕರಾವಳಿಯ ಸಂಸ್ಕೃತ ಮತ್ತು ತುಳು ಹಸ್ತಪ್ರತಿಗಳ ಲಿಪಿಯಾದ ತುಳು-ತಿಗಳಾರಿಗೆ ೨೦೨೪ರ ೧೬ನೆಯ ಆವೃತ್ತಿಯಲ್ಲಿ ದೊರೆತ ಸ್ಥಾನವು ಆ ಮಿತಿಯಿಂದಾಚೆಗೆ ಇದೆ. ಆ ಲಿಪಿಯ ಒಂದೊಂದು ಸಂಕೇತವೂ ಜಾವಾದಲ್ಲಿ ಎರಡೆಂದು ಎಣಿಸಲ್ಪಡುವುದು. ಒಂದೇ ಶ್ಲೋಕವನ್ನು ಕನ್ನಡ ಲಿಪಿಯಲ್ಲಿಯೂ ತಿಗಳಾರಿಯಲ್ಲಿಯೂ ಇಳಿಸಿ ಹೋಲಿಸುವವರು ಈ ಉದ್ದಗಳನ್ನು ನಂಬಿದರೆ ಮೋಸಹೋಗುವರು.

ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯು (೨೦೦೮) ಸಂಕೇತವನ್ನೇ ಅಂಶವಾಗಿ ಹಿಡಿಯಿತು. ೨೦೧೨ರ ೩.೩ನೆಯ ಆವೃತ್ತಿಯಿಂದ ಅದು ಅನುಸರಿಸುವ ಉಪಾಯವು ಜಾಣ್ಮೆಯುಳ್ಳದ್ದು. ಒಂದೊಂದು ಬರಹದಲ್ಲಿಯೂ ಇರುವ ಅತಿ ದೊಡ್ಡ ಸಂಕೇತವನ್ನು ನೋಡಿ, ಇಡೀ ಬರಹಕ್ಕೆ ಸಂಕೇತವೊಂದಕ್ಕೆ ೧, ೨ ಅಥವಾ ೪ ಬೈಟುಗಳ ಅಗಲವನ್ನು ಗೊತ್ತುಮಾಡುವುದು. ಕನ್ನಡ ಗ್ರಂಥಕ್ಕೆ ೨ ಬೈಟುಗಳಾಗುವುವು. ಅದೇ ಬರಹದ ನಡುವೆ ತಿಗಳಾರಿಯ ಒಂದು ಅಕ್ಷರವನ್ನು ಉದಾಹರಿಸಿದರೆ ಇಡೀ ಗ್ರಂಥವು ೪ ಬೈಟುಗಳ ಅಗಲಕ್ಕೆ ಹಿಗ್ಗುವುದು. ಸ್ಥಾನವನ್ನು ಹುಡುಕುವ ಕಾಲವು ಸ್ಥಿರವಾಗಿ ಉಳಿಯಿತು. ಸ್ಥಳದ ವ್ಯಯವು ಅತಿಥಿಯೊಬ್ಬನ ಗಾತ್ರವನ್ನು ಅನುಸರಿಸುವಂತಾಯಿತು.

೨೦೦೯ರಲ್ಲಿ ಪ್ರಕಟವಾದ ಗೋ, ೨೦೧೫ರಲ್ಲಿ ಪ್ರಥಮ ಸ್ಥಿರ ಆವೃತ್ತಿಯನ್ನು ಪಡೆದ ರಸ್ಟ್ ಇವೆರಡೂ ಬರಹವನ್ನು ಯುಟಿಎಫ್-೮ರ ರೂಪದಲ್ಲಿಯೇ ಇಡುತ್ತವೆ. ಗೋ ಭಾಷೆಯಲ್ಲಿ ಎರಡನೆಯ ಸ್ಥಾನವನ್ನು ಕೇಳಿದರೆ ಎರಡನೆಯ ಬೈಟು, ಎಂದರೆ ಕನ್ನಡ ಸಂಕೇತವೊಂದರ ನಡುವಣ ಚೂರು, ಸಿಕ್ಕುವುದು. ರಸ್ಟ್ ಭಾಷೆಯು ಆ ಪ್ರಶ್ನೆಯನ್ನೇ ಅಂಗೀಕರಿಸುವುದಿಲ್ಲ. ಬರೀ ಸಂಖ್ಯೆಯಿಂದ ಬರಹದ ಒಂದು ಅಂಶವನ್ನು ಬೇಡುವ ವಾಕ್ಯವು ಅಲ್ಲಿ ದೋಷವೆಂದು ತಿರಸ್ಕೃತವಾಗುವುದು. ಬೈಟು ಬೇಕಾದರೆ ಬೈಟೆಂದೂ, ಸಂಕೇತ ಬೇಕಾದರೆ ಸಂಕೇತವೆಂದೂ ಬಾಯಿಬಿಟ್ಟು ಹೇಳಬೇಕು.

ಆಪಲ್ ಸಂಸ್ಥೆಯು ೨೦೧೪ರಲ್ಲಿ ಪ್ರಕಟಿಸಿದ ಸ್ವಿಫ್ಟ್ ಭಾಷೆಯು ಓದುಗರ ಪಕ್ಷವನ್ನು ವಹಿಸಿತು. ಓದುವವರಿಗೆ ಒಂದಾಗಿ ತೋರುವ ಸಂಕೇತಗಳ ಗುಂಪನ್ನು, ಯೂನಿಕೋಡಿನವರು ‘ಗ್ರಾಫೀಮ್ ಕ್ಲಸ್ಟರ್’ ಎಂದು ಕರೆಯುವ ಲಿಪಿಗುಚ್ಛವನ್ನು, ಅದು ಅಂಶವಾಗಿ ಹಿಡಿದಿದೆ. ಗುಚ್ಛಗಳ ಅಗಲ ಒಂದೇ ಸಮನಾಗಿಲ್ಲದ ಕಾರಣ ಅವುಗಳನ್ನು ಎಣಿಸುವುದಕ್ಕೆ ಬರಹದ ಉದ್ದಕ್ಕೂ ನಡೆಯಬೇಕು. ಈ ವ್ಯಯವನ್ನು ಮರೆಮಾಚದೆ, ಸ್ಥಾನವನ್ನು ಸಂಖ್ಯೆಯಿಂದ ಸೂಚಿಸಲು ಆ ಭಾಷೆಯು ಎಡೆಗೊಡುವುದಿಲ್ಲ. ಮೊದಲು ಪರ್ಲ್ ೬ ಎಂದು ಹೆಸರಾಗಿ ೨೦೧೯ರಲ್ಲಿ ರಾಕು ಎಂಬ ಹೆಸರನ್ನು ಪಡೆದ ಭಾಷೆಯು ಇನ್ನೂ ಮುಂದೆ ಹೋಗಿ, ಬಹುಸಂಕೇತಗಳ ಗುಚ್ಛವೊಂದೊಂದಕ್ಕೂ ತನ್ನದೇ ಆದ ತಾತ್ಕಾಲಿಕ ಸಂಖ್ಯೆಯನ್ನು ಕೊಟ್ಟು, ಗುಚ್ಛಗಳನ್ನೂ ಸಮಾನವಾದ ಅಗಲಕ್ಕೆ ತಂದಿತು. ಅಲ್ಲಿ ಗುಚ್ಛದ ಸ್ಥಾನವೂ ಗುಣಾಕಾರದಿಂದ ದೊರೆಯುವುದು. ಅದಕ್ಕೆ ತೆತ್ತ ಬೆಲೆಯೆಂದರೆ, ಒಳಗೆ ಬರುವ ಬರಹವೆಲ್ಲವನ್ನೂ ಮೊದಲು ಪರಿಷ್ಕರಿಸಿಕೊಳ್ಳಬೇಕು. ಪರಿಷ್ಕಾರದಲ್ಲಿ ಮೂಲದ ಸಂಕೇತಕ್ರಮವು ಇದ್ದಂತೆಯೇ ಉಳಿಯುವುದೆಂಬ ಭರವಸೆಯಿಲ್ಲ.

೪

ಇನ್ನು ಪ್ರಾಸದ ಒರೆಗಲ್ಲಿಗೆ ಬರಬಹುದು. ಪಾದಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವಿರಬೇಕು, ಸ್ವರವು ಬೇರೆಯಾಗಬಹುದು ಎಂಬುದು ಪ್ರಾಸದ ಸಾಮಾನ್ಯ ನಿಯಮ. ಮೂರು ಪಾದಗಳು ಕ್ರಮವಾಗಿ ‘ಆನೆ’, ‘ದಾನ’, ‘ಜ್ಞಾನ’ ಎಂಬ ಪದಗಳಿಂದ ಆರಂಭವಾಗುವುವೆಂದು ಭಾವಿಸಿದರೆ, ಮೊದಲ ಅಕ್ಷರವು ದೀರ್ಘ, ಎರಡನೆಯದು ನಕಾರ. ಗಜಪ್ರಾಸಕ್ಕೆ ಯಾವ ಲೋಪವೂ ಇಲ್ಲ. ಇವುಗಳಲ್ಲಿ ಆ ನಕಾರವು ಎಷ್ಟನೆಯದೆಂಬುದನ್ನು ಒಂದರಿಂದ ಆರಂಭಿಸಿ ಎಣಿಸಿ ನೋಡಬೇಕು. ಯುಟಿಎಫ್-೮ರ ಬೈಟುಗಳಲ್ಲಿ ಅದು ‘ಆನೆ’ಯಲ್ಲಿ ೪ನೆಯದರಿಂದಲೂ, ‘ದಾನ’ದಲ್ಲಿ ೭ನೆಯದರಿಂದಲೂ, ‘ಜ್ಞಾನ’ದಲ್ಲಿ ೧೩ನೆಯದರಿಂದಲೂ ಆರಂಭವಾಗುವುದು. ಸಂಕೇತಗಳಲ್ಲಿ ಕ್ರಮವಾಗಿ ೨, ೩, ೫ನೆಯದು. ಗುಚ್ಛಗಳಲ್ಲಿ ೨, ೨, ೩ನೆಯದು. ಏಕೆಂದರೆ ಕನ್ನಡದಲ್ಲಿ ಹಲಂತಚಿಹ್ನೆಯಾದ ಕೂಡಲೆ ಗುಚ್ಛವು ಮುಗಿದು, ‘ಜ್’ ಒಂದು, ‘ಞಾ’ ಇನ್ನೊಂದು ಎಂದು ಒಡೆದುಹೋಗುವುದು. ಲಾಕ್ಷಣಿಕನಿಗೆ ಮೂರರಲ್ಲಿಯೂ ಅದು ಎರಡನೆಯದೇ.

ಸರಿಯಾದ ಪ್ರಾಸವನ್ನು ಕಾಣದೆ ಹೋಗುವುದು ಒಂದು ದೋಷ. ಇಲ್ಲದ ಪ್ರಾಸವನ್ನು ಕಾಣುವುದು ಅದಕ್ಕಿಂತ ಕೆಟ್ಟದು. ‘ಭಕ್ತಿ’, ‘ಮುಕ್ತಿ’ ಇವು ಪ್ರಾಸಪದಗಳು. ‘ಭಕ್ತಿ’, ‘ಪಕ್ಷಿ’ ಇವು ಅಲ್ಲ. ‘ಭಕ್ತಿ’ಯ ಗುಚ್ಛಗಳು ಭ, ಕ್, ತಿ, ‘ಪಕ್ಷಿ’ಯ ಗುಚ್ಛಗಳು ಪ, ಕ್, ಷಿ. ಎರಡನೆಯ ಗುಚ್ಛವನ್ನು ಮಾತ್ರ ಹೋಲಿಸುವ ಯಂತ್ರವು ಎರಡರಲ್ಲಿಯೂ ‘ಕ್’ ಎಂಬುದನ್ನು ಕಂಡು, ಪ್ರಾಸವು ಸರಿಯಾಗಿದೆಯೆಂದು ತೀರ್ಪು ಕೊಡುವುದು. ಎರಡನೆಯ ಸಂಕೇತವನ್ನು ಹೋಲಿಸಿದರೂ ಫಲ ಅದೇ. ಮತ್ತೊಂದು ಕಡೆ, ‘ಭಕ್ತಿ’ಗೂ ‘ಮುಕ್ತಿ’ಗೂ ಎರಡನೆಯ ಸಂಕೇತವನ್ನು ಹೋಲಿಸಿದರೆ ಒಂದರಲ್ಲಿ ಕಕಾರ, ಇನ್ನೊಂದರಲ್ಲಿ ಉಕಾರದ ಚಿಹ್ನೆ, ನಿಜವಾದ ಪ್ರಾಸವು ತಿರಸ್ಕೃತವಾಗುವುದು. ಸಾವಿರಾರು ಪದ್ಯಗಳನ್ನು ಹೀಗೆ ಪರೀಕ್ಷಿಸಿ, ಕವಿಯೊಬ್ಬನು ಪ್ರಾಸಭಂಗವನ್ನು ಎಷ್ಟು ಸಾರಿ ಮಾಡಿದ್ದಾನೆಂಬ ಪಟ್ಟಿಯನ್ನು ಹೊರಡಿಸಿದರೆ, ಭಂಗವು ಕವಿಯದೊ ಎಣಿಕೆಯದೊ ಎಂಬುದನ್ನು ಓದುಗರು ತಿಳಿಯಲಾರರು.

ಕನ್ನಡ ಛಂದಶ್ಶಾಸ್ತ್ರವು ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಪ್ರಾಸವನ್ನು ಆರು ಬಗೆಯಾಗಿ ವಿಂಗಡಿಸಿದುದರ ಅರ್ಥವು ಇಲ್ಲಿ ಹೊಸದಾಗಿ ಹೊಳೆಯುವುದು. ಮೊದಲಿನ ಸ್ವರವು ಹ್ರಸ್ವವೊ ದೀರ್ಘವೊ, ಅದರ ಮುಂದೆ ಬಿಂದುವಿದೆಯೊ ವಿಸರ್ಗವಿದೆಯೊ, ಬಳಿಕ ಬರುವುದು ವಿಜಾತೀಯ ಸಂಯುಕ್ತವೊ ಸಜಾತೀಯ ದ್ವಿತ್ವವೊ ಎಂಬುದನ್ನು ಆ ವಿಂಗಡಣೆ ಹೇಳುತ್ತದೆ. ಮೊದಲನೆಯ ಸ್ವರಕ್ಕೂ ಎರಡನೆಯ ಸ್ವರಕ್ಕೂ ನಡುವೆ ಏನೇನು ಬರಬಹುದೆಂಬುದರ ಸಂಪೂರ್ಣವಾದ ಪಟ್ಟಿಯೇ ಅದು. ‘ಎರಡನೆಯ ಅಕ್ಷರ’ವನ್ನು ಪ್ರಾಚೀನರು ಸ್ಥಾನಸಂಖ್ಯೆಯಿಂದ ಹುಡುಕಲಿಲ್ಲ, ಸ್ವರದಿಂದ ಸ್ವರಕ್ಕೆ ನಡೆದು ಕಂಡುಕೊಂಡರು. ಗಣಕಕ್ಕೆ ಬರೆದುಕೊಡಬೇಕಾದ ವಿಧಿಯೂ ಅದೇ: ಪಾದದ ಮೊದಲಿನಿಂದ ಹೊರಟು, ಮೊದಲನೆಯ ಸ್ವರವನ್ನು ದಾಟಿ, ಎರಡನೆಯ ಸ್ವರವು ಬರುವ ವರೆಗಿನ ವ್ಯಂಜನಗಳನ್ನೂ ಬಿಂದುವಿಸರ್ಗಗಳನ್ನೂ ಸಂಗ್ರಹಿಸಬೇಕು. ವ್ಯಂಜನದ ಮುಂದೆ ಸ್ವರಚಿಹ್ನೆಯಾಗಲಿ ಹಲಂತಚಿಹ್ನೆಯಾಗಲಿ ಇಲ್ಲದಿದ್ದರೆ ಅಲ್ಲಿ ಅಕಾರವಿದೆಯೆಂದು ತಿಳಿಯಬೇಕು. ಇಷ್ಟಕ್ಕೆ ಸಂಕೇತಗಳ ಸರಣಿಯೊಂದಿದ್ದರೆ ಸಾಕು. ಸ್ಥಾನಸಂಖ್ಯೆಯ ಅಗತ್ಯವೇ ಬೀಳುವುದಿಲ್ಲ.

೫

ಹಾಗಾದರೆ ಗುಚ್ಛದ ಲಕ್ಷಣವನ್ನು ತಿದ್ದಿ, ಒತ್ತಕ್ಷರವನ್ನು ಒಂದೆಂದು ಎಣಿಸುವಂತೆ ಮಾಡಿದರೆ ಸಾಲದೆ ಎಂಬ ಪ್ರಶ್ನೆ ಏಳುವುದು. ೨೦೨೩ರಲ್ಲಿ ಪ್ರಕಟವಾದ ಯೂನಿಕೋಡಿನ ೧೫.೧ನೆಯ ಆವೃತ್ತಿಯು ಇದನ್ನೇ ಮಾಡಿತು. ವ್ಯಂಜನ, ಹಲಂತಚಿಹ್ನೆ, ವ್ಯಂಜನ ಎಂಬ ಕ್ರಮವು ಬಂದಾಗ ಗುಚ್ಛವು ಒಡೆಯಬಾರದೆಂದು ಹೊಸ ವಿಧಿಯನ್ನು ಮಾಡಿ, ಅದನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಎಂಬ ಆರು ಲಿಪಿಗಳಿಗೆ ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಮೊದಲು ಹೇಳಿದ ೪ ಎಂಬ ಎಣಿಕೆಯು ಈ ವಿಧಿಗಳಂತೆ ಬಂದುದು. ಆ ಆವೃತ್ತಿಯ ಪ್ರಕಾರ ‘ಶಾಸ್ತ್ರ’ವನ್ನು ತೆಲುಗು ಲಿಪಿಯಲ್ಲಿ ಬರೆದರೆ ಗುಚ್ಛಗಳು ೨, ಕನ್ನಡ ಲಿಪಿಯಲ್ಲಿ ಬರೆದರೆ ೪. ಕೂಡಿ ಬೆಳೆದ, ಒತ್ತಕ್ಷರದ ರಚನೆಯಲ್ಲಿ ಒಂದೇ ಪದ್ಧತಿಯನ್ನು ಅನುಸರಿಸುವ ಎರಡು ಲಿಪಿಗಳಿಗೆ ಎರಡು ನ್ಯಾಯಗಳಾದುವು.

ಕನ್ನಡವನ್ನು ಪಟ್ಟಿಗೆ ಸೇರಿಸಬೇಕೆಂದು ವಾದಿಸುವುದಕ್ಕೆ ಈ ಸಂಗತಿಯಲ್ಲಿ ಆಧಾರವುಂಟು. ಆದರೆ ಅದಕ್ಕಿಂತ ಗಂಭೀರವಾದ ಪಾಠವೊಂದು ಇದರಲ್ಲಿದೆ. ದೇವನಾಗರಿಯಲ್ಲಿ ಬರೆದ ಅದೇ ಪದವನ್ನು ಅದೇ ಭಾಷೆಯಲ್ಲಿ ಎಣಿಸಿದಾಗ ಹಳೆಯ ವಿಧಿಯಂತೆ ೪ ಇದ್ದ ಉತ್ತರವು ಹೊಸ ವಿಧಿಯಂತೆ ೨ ಆಗುವುದು. ಬರಹದಲ್ಲಿ ಒಂದು ಸಂಕೇತವೂ ವ್ಯತ್ಯಾಸವಾಗಿಲ್ಲ. ಪದಪ್ರಯೋಗಕೋಶವೊಂದು ತನ್ನ ಉಲ್ಲೇಖಗಳನ್ನು ಗುಚ್ಛಗಳ ಸ್ಥಾನಸಂಖ್ಯೆಯಿಂದ ಸೂಚಿಸಿದ್ದರೆ, ಯಂತ್ರದ ವ್ಯವಸ್ಥೆಯು ನವೀಕೃತವಾದ ದಿನ ಅದರ ಉಲ್ಲೇಖಗಳೆಲ್ಲವೂ ಸ್ಥಾನಭ್ರಷ್ಟವಾಗುವುವು. ಸಂಕೇತಗಳಾದರೊ ಹೀಗೆ ಚಲಿಸುವುದಿಲ್ಲ; ಒಮ್ಮೆ ಕೊಟ್ಟ ಸಂಖ್ಯೆಯನ್ನೂ ಹೆಸರನ್ನೂ ಬದಲಾಯಿಸುವುದಿಲ್ಲವೆಂಬುದು ಯೂನಿಕೋಡಿನ ವ್ರತ. ಹಳಗನ್ನಡದ ೞಕಾರಕ್ಕೆ ಮೊದಲು ಕೊಟ್ಟ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಫಾ’ ಎಂದು. ಅದು ಪ್ರಮಾದವೆಂದು ತಿಳಿದ ಬಳಿಕವೂ ಆ ಹೆಸರನ್ನು ಅಳಿಸಲಿಲ್ಲ. ಪಕ್ಕದಲ್ಲಿ ಸರಿಯಾದ ಹೆಸರೊಂದನ್ನು ಸೇರಿಸಿ ಸುಮ್ಮನಾದರು. ವಿದ್ವಾಂಸರಿಗೆ ಇದು ನಗೆಯ ವಿಷಯವೆಂದು ತೋರಬಹುದು. ಆದರೆ ಈ ಹಟದಿಂದಲೇ ಇಂದು ಬರೆದಿಟ್ಟ ೞಕಾರವು ನೂರು ವರ್ಷಗಳ ಬಳಿಕವೂ ೞಕಾರವಾಗಿಯೇ ಓದಲ್ಪಡುವುದೆಂಬ ನಂಬಿಕೆ ಉಳಿಯುತ್ತದೆ. ಓದುಗರಿಗೆ ಸಮೀಪವಾದ ಅಂಶವು ಅಸ್ಥಿರ, ಸ್ಥಿರವಾದ ಅಂಶವು ಓದುಗರಿಂದ ದೂರ. ಸ್ಥಳಕಾಲಗಳ ವ್ಯಯಕ್ಕಿಂತ ಈ ವೈಷಮ್ಯವೇ ಸಾಹಿತ್ಯಶೋಧಕರಿಗೆ ಹೆಚ್ಚು ಮುಖ್ಯ.

ಇದಲ್ಲದೆ, ಕನ್ನಡವು ಪಟ್ಟಿಗೆ ಸೇರಿದರೂ ಗುಚ್ಛವು ಛಂದಸ್ಸಿನ ಅಕ್ಷರವಾಗದು. ಹಳಗನ್ನಡದ ‘ಬಾೞ್’ ಎಂಬ ಪದವನ್ನು ನೋಡಬಹುದು. ಬರವಣಿಗೆಯಲ್ಲಿ ಬಾ, ೞ್ ಎಂದು ಎರಡು ಗುಚ್ಛಗಳು. ಛಂದಸ್ಸಿನಲ್ಲಿ ಕೊನೆಯ ವ್ಯಂಜನವು ಹಿಂದಿನ ಸ್ವರವನ್ನೇ ಆಶ್ರಯಿಸುವುದರಿಂದ ಒಂದೇ ಗುರು. ಅದರ ಮುಂದೆ ಸ್ವರಾದಿಯಾದ ಪದವು ಬಂದು ಸಂಧಿಯಾದರೆ ಆ ವ್ಯಂಜನವು ಮುಂದಿನ ಸ್ವರದೊಡನೆ ಸೇರಿ ಬೇರೊಂದು ಅಕ್ಷರವಾಗುವುದು. ಅಕ್ಷರವೆಷ್ಟೆಂಬುದು ಪದಕ್ಕೆ ಅಂಟಿದ ಗುಣವಲ್ಲ, ಪಾದದಲ್ಲಿ ಅದು ನಿಂತ ನೆಲೆಯನ್ನು ಅನುಸರಿಸುವುದು. ಗುರುಲಘುಗಳ ವಿಚಾರವು ಇನ್ನೂ ಸೂಕ್ಷ್ಮವಾದುದು. ಸಂಯುಕ್ತಾಕ್ಷರದ ಹಿಂದಿನ ಅಕ್ಷರವು ಗುರುವೆಂಬುದು ಸಾಮಾನ್ಯ ನಿಯಮವಾದರೂ, ಶಿಥಿಲದ್ವಿತ್ವದಲ್ಲಿ ಅದು ಲಘುವಾಗಿಯೇ ಉಳಿಯುವುದು. ಇದನ್ನು ಲಿಪಿಯ ಆಕಾರದಿಂದ ಮಾತ್ರವೇ ನಿರ್ಣಯಿಸುವುದು ಮನುಷ್ಯರಿಗೂ ಅಸಾಧ್ಯ.

ಸ್ಥಿರವೆಂದು ಹೇಳಿದ ಸಂಕೇತಗಳಲ್ಲಿಯೂ ಒಂದು ಎಚ್ಚರ ಬೇಕು. ‘ಕೋಟೆ’ ಎಂಬ ಪದದ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ, ಊಕಾರಗಳ ಚಿಹ್ನೆಗಳನ್ನೂ ದೀರ್ಘಚಿಹ್ನೆ ಎಂಬುದನ್ನೂ ಕೂಡಿಸಿ ಮೂರಾಗಿಯೂ ಬರೆಯಬಹುದು. ಮೊದಲನೆಯ ರೀತಿಯಲ್ಲಿ ಪದಕ್ಕೆ ೪ ಸಂಕೇತ, ಎರಡನೆಯದರಲ್ಲಿ ೬. ಯೂನಿಕೋಡಿನ ಮತದಲ್ಲಿ ಇವೆರಡೂ ಸಮಾನ. ಸ್ವಿಫ್ಟ್ ಭಾಷೆಯೂ ಇವನ್ನು ಒಂದೇ ಎನ್ನುವುದು. ಜಾವಾ, ಪೈಥಾನ್, ರಸ್ಟ್ ಮುಂತಾದುವು, ಪರಿಷ್ಕರಿಸದ ಹೊರತು, ಬೇರೆ ಎನ್ನುವುವು. ‘ಸಾಫ್ಟ್‌ವೇರ್’ ಎಂಬಂತಹ ಪದದಲ್ಲಿ ಒತ್ತಕ್ಷರವಾಗದಂತೆ ತಡೆಯಲು ಇಡುವ, ಕಣ್ಣಿಗೆ ಕಾಣದ ಚಿಹ್ನೆಯೂ ಒಂದು ಸಂಕೇತವೇ. ಅದಿರುವ ಪದಕ್ಕೂ ಇಲ್ಲದ ಪದಕ್ಕೂ ಯಂತ್ರವು ಭೇದವನ್ನೆಣಿಸುವುದು. ಪಾಠಾಂತರಗಳನ್ನು ಯಂತ್ರದಿಂದ ಪಟ್ಟಿಮಾಡಿಸುವವರು ಇದನ್ನು ಗಮನಿಸದಿದ್ದರೆ, ಲಿಪಿಕಾರನು ಮಾಡದ ಭೇದಗಳು ಪಾಠಾಂತರಗಳಾಗಿ ಅಚ್ಚಾಗುವುವು.

೬

ಇಲ್ಲಿ ಪೂರ್ವಪಕ್ಷವೊಂದನ್ನು ಕೇಳಬೇಕು. ಸ್ಥಾನಸಂಖ್ಯೆಯಿಂದ ಅಕ್ಷರವನ್ನು ಕೇಳುವುದು ವಿದ್ಯಾರ್ಥಿಗಳಿಗೆ ಸುಲಭ. ಪೈಥಾನ್ ಅದನ್ನು ಸ್ಥಿರವಾದ ಕಾಲದಲ್ಲಿ ಒದಗಿಸುವುದು. ಆ ಸೌಕರ್ಯವನ್ನು ನಿರಾಕರಿಸುವ ರಸ್ಟ್, ಸ್ವಿಫ್ಟ್ ಭಾಷೆಗಳು ಪಂಡಿತರಿಗೆ ಮೆಚ್ಚಿಗೆಯಾದರೂ ಸಾಮಾನ್ಯರಿಗೆ ಕ್ಲೇಶವನ್ನುಂಟುಮಾಡುವುವು ಎಂಬುದು ಆ ಪಕ್ಷ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಇಂಗ್ಲಿಷ್ ಬರಹವನ್ನೇ ಮುಂದಿಟ್ಟುಕೊಂಡು ಕಲಿಯುವವರಿಗೆ ಬೈಟು, ಸಂಕೇತ, ಗುಚ್ಛ, ಅಕ್ಷರ ನಾಲ್ಕೂ ಬಹುತೇಕ ಒಂದೇ ಆಗಿರುವುದರಿಂದ ಆ ಸೌಕರ್ಯವು ನಿರ್ದುಷ್ಟವಾಗಿಯೇ ಕಾಣುವುದು.

ಸಮಾಧಾನವು ಎರಡು ಬಗೆಯದು. ಬರಹದ ವಿಷಯದಲ್ಲಿ ‘ಸಾವಿರದನೆಯ ಅಂಶವಾವುದು’ ಎಂಬ ಪ್ರಶ್ನೆಯು ತಾನಾಗಿ ಹುಟ್ಟುವುದು ಅಪೂರ್ವ. ಪದವೊಂದನ್ನು ಹುಡುಕಿ, ಸಿಕ್ಕಿದ ಎಡೆಯನ್ನು ಗುರುತಿಟ್ಟುಕೊಂಡು, ಮತ್ತೆ ಅಲ್ಲಿಗೆ ಮರಳುವುದೇ ಸಾಮಾನ್ಯವಾದ ವ್ಯವಹಾರ. ಹಾಗೆ ಗುರುತಿಟ್ಟ ಎಡೆಯು ಬೈಟುಗಳ ಲೆಕ್ಕದಲ್ಲಿದ್ದರೆ ಯುಟಿಎಫ್-೮ರಲ್ಲಿಯೂ ಅಲ್ಲಿಗೆ ನೇರವಾಗಿ ಹೋಗಬಹುದು. ಸಂಕೇತವು ಎಲ್ಲಿ ಮೊದಲಾಗುವುದೆಂಬುದನ್ನು ಬೈಟಿನ ಬೆಲೆಯಿಂದಲೇ ತಿಳಿಯುವಂತೆ ಆ ವ್ಯವಸ್ಥೆ ರಚಿತವಾಗಿದೆ. ಸ್ಥಿರಕಾಲದ ಸೌಕರ್ಯಕ್ಕಾಗಿ ಪೈಥಾನ್ ತೆತ್ತ ಬೆಲೆಯು ಹೆಚ್ಚು ಕಡಮೆ ಯಾರೂ ಕೇಳದ ಪ್ರಶ್ನೆಗಾಗಿ ತೆತ್ತುದೆಂದಾಯಿತು. ಎರಡನೆಯದಾಗಿ, ತಪ್ಪು ಅಂಶವನ್ನು ಶೀಘ್ರವಾಗಿ ಕೊಡುವುದು ಸೌಕರ್ಯವಲ್ಲ. ‘ಅಕ್ಕ’ ಎಂಬುದನ್ನು ಎರಡು ಸಂಕೇತಗಳಿಗೆ ಕತ್ತರಿಸಿ ‘ಅಕ’ ಎಂದೂ, ಮೂರಕ್ಕೆ ಕತ್ತರಿಸಿ ‘ಅಕ್’ ಎಂದೂ ತೋರಿಸುವ ಯಂತ್ರವು ವಿದ್ಯಾರ್ಥಿಗೆ ತಪ್ಪನ್ನು ತಪ್ಪೆಂದು ತಿಳಿಸುವುದಿಲ್ಲ. ‘ಯಾವುದನ್ನು ಎಣಿಸಬೇಕು, ಹೇಳು’ ಎಂದು ತಡೆದು ಕೇಳುವ ಭಾಷೆಯು ಒರಟಾದರೂ ಒಳ್ಳೆಯ ಉಪಾಧ್ಯಾಯನು.

ಗುಣದೋಷಗಳನ್ನು ತೂಗಿ ನೋಡಿದರೆ, ಮಾನವನ್ನು ಹೆಸರಿಸದೆ ಉದ್ದವನ್ನು ಹೇಳುವ ಜಾವಾ, ಜಾವಾಸ್ಕ್ರಿಪ್ಟ್, ಪೈಥಾನುಗಳಿಗಿಂತ, ಬೈಟು, ಸಂಕೇತ, ಗುಚ್ಛಗಳನ್ನು ಬೇರೆ ಬೇರೆ ನೋಟಗಳಾಗಿ ತೆರೆದಿಡುವ ಸ್ವಿಫ್ಟ್ ಮೇಲು. ಅವುಗಳಲ್ಲಿ ಒಂದನ್ನು, ಅದೂ ಕಾಲಕಾಲಕ್ಕೆ ಮಾರ್ಪಡುವುದನ್ನು, ಪ್ರಧಾನವೆಂದು ಮುಂದಿಟ್ಟಿರುವುದು ಅದರ ಕೊರತೆ. ರಸ್ಟ್ ಭಾಷೆಯ ನಿರಾಕರಣವು ಕನ್ನಡದ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕವಾದುದು. ಅದರ ಉದ್ದವೂ ಬೈಟುಗಳ ಲೆಕ್ಕವೇ ಆದರೂ, ಅದು ಗುಚ್ಛದ ಲಕ್ಷಣವನ್ನು ತನ್ನ ಮೂಲಗ್ರಂಥಾಲಯದಲ್ಲಿ ಸೇರಿಸದೆ ಹೊರಗೆ ಬಿಟ್ಟು, ಸ್ಥಿರವಾದ ಸಂಕೇತಗಳನ್ನು ಮಾತ್ರ ಕೈಗೆ ಕೊಡುವುದು. ಅಕ್ಷರವೇನೆಂಬುದನ್ನು ನಿರ್ಣಯಿಸುವ ಭಾರವು ಅಲ್ಲಿ ಲಿಪಿಯನ್ನೂ ಛಂದಸ್ಸನ್ನೂ ಬಲ್ಲವರ ಮೇಲೆಯೇ ಬೀಳುವುದು. ಅದು ಬೀಳಬೇಕಾದುದೂ ಅವರ ಮೇಲೆಯೇ.

ಈ ಭಾರವನ್ನು ಹೊರುವವರಿಗೆ ಕೆಲವು ನಿಯಮಗಳು ಮೇಲಿನ ವಿಚಾರದಿಂದ ಸಿದ್ಧವಾಗುವುವು. ಗಣಕಕ್ಕೆ ಇಳಿಸಿದ ಪಾಠವನ್ನು ಮೊದಲು ಏಕರೂಪಕ್ಕೆ ತಂದು, ಯಾವ ರೂಪವೆಂಬುದನ್ನು ಪೀಠಿಕೆಯಲ್ಲಿ ಹೇಳಬೇಕು. ಉಲ್ಲೇಖಗಳನ್ನು ಆಶ್ವಾಸ, ಪದ್ಯ, ಪಾದಗಳಿಂದ ಸೂಚಿಸಬೇಕಲ್ಲದೆ ಅಂಶಗಳ ಸಂಖ್ಯೆಯಿಂದ ಸೂಚಿಸಬಾರದು. ಯಂತ್ರಗಳೂ ಭಾಷೆಗಳೂ ಬದಲಾದರೂ ಪದ್ಯದ ಮೂರನೆಯ ಪಾದವು ಮೂರನೆಯದಾಗಿಯೇ ಇರುವುದು. ಛಂದಸ್ಸಿನ ಅಕ್ಷರವನ್ನು ಬಿಡಿಸುವ ವಿಧಿಯನ್ನು ಸ್ಪಷ್ಟವಾಗಿ ಬರೆದು, ಫಲಿತಾಂಶದೊಡನೆ ಅದನ್ನೂ ಪ್ರಕಟಿಸಬೇಕು. ಶಿಥಿಲವೇ ಮೊದಲಾದ ಸಂದೇಹಸ್ಥಳಗಳನ್ನು ಯಂತ್ರದ ತೀರ್ಪಿಗೆ ಬಿಡದೆ ಪ್ರತ್ಯೇಕವಾಗಿ ಪಟ್ಟಿಮಾಡಬೇಕು. ಎಣಿಕೆಯ ಫಲವನ್ನು ಹೇಳುವಾಗ ಎಣಿಸಿದುದು ಬೈಟೊ, ಸಂಕೇತವೊ, ಗುಚ್ಛವೊ, ಅಕ್ಷರವೊ ಎಂಬುದನ್ನು ಹೇಳದೆ ಬಿಡಬಾರದು. ಹೀಗೆ ಮಾಡಿದಲ್ಲಿ ಒಬ್ಬರು ಪಡೆದ ಸಂಖ್ಯೆಯನ್ನು ಇನ್ನೊಬ್ಬರು ಬೇರೆ ಯಂತ್ರದಲ್ಲಿ, ಬೇರೆ ಭಾಷೆಯಲ್ಲಿ ಪರೀಕ್ಷಿಸಿ ನೋಡುವುದು ಸಾಧ್ಯವಾಗುವುದು. ಕವಿಯ ಪ್ರಾಸಕ್ಕೂ ನ್ಯಾಯ ದೊರೆಯುವುದು.